ಹೊಟ್ಟೆ ಕ್ಯಾನ್ಸರ್ ಆಪರೇಷನ್: ರೋಬೋಟೋ, ಓಪನ್ನೋ? ಸೈನ್ ಹಾಕುವ ಮುಂಚೆ ಇಷ್ಟು ಕೇಳಿ

"ರೋಬೋಟ್ ಕುಯ್ತಾ ಇರುವಾಗ ಕರೆಂಟ್ ಹೋದ್ರೆ ಏನಪ್ಪ ಗತಿ?" ಬಂಗಾರಪೇಟೆಯಲ್ಲಿ ರೈಲು ಹತ್ತಿದಾಗಿನಿಂದ ಬೆಂಗಳೂರಿನವರೆಗೂ ದೊಡ್ಡಪ್ಪ ಇದನ್ನೇ ಕೇಳಿದರು. ರೋಬೋಟ್ ತಾನಾಗಿ ಏನೂ ಕುಯ್ಯುವುದಿಲ್ಲ. ಅದೇ ಕೋಣೆಯಲ್ಲಿ ಕೂತ ಸರ್ಜನ್ ಕೈ ಆಡಿಸಿದಂತೆ ಅದರ ತೋಳು ಆಡುತ್ತದೆ, ಅಷ್ಟೇ. ಕರೆಂಟಿಗೆ ಬ್ಯಾಕಪ್ ಇರುತ್ತದೆ, ಕೆಲಸ ಸಾಗದಿದ್ದರೆ ನಡುವೆಯೇ ಓಪನ್‌ಗೆ, ಅಂದರೆ ಹೊಟ್ಟೆ ಕೊಯ್ದು ಮಾಡುವ ಮಾಮೂಲಿ ಆಪರೇಷನ್‌ಗೆ, ಬದಲಾಯಿಸುತ್ತಾರೆ.

ಮೊದಲು ರೋಗ ಎಷ್ಟು ಹಬ್ಬಿದೆ ಅಂತ ತಿಳಿದುಕೊಳ್ಳಿ. ಎಂಡೋಸ್ಕೋಪಿ, ಬಯಾಪ್ಸಿ, ಸಿಟಿ ಸ್ಕ್ಯಾನ್ ಮುಗಿಯದೆ ಈ ಚರ್ಚೆಯೇ ಬೇಡ. ಹಲವರಿಗೆ ಮೊದಲು ಕೀಮೋ ಕೊಟ್ಟು ಆಮೇಲೆ ಆಪರೇಷನ್ ಮಾಡುತ್ತಾರೆ.

ಆಮೇಲೆ ಒಳಗೆ ಏನು ತೆಗೆಯುತ್ತಾರೆ ಅಂತ ಕೇಳಿ. ಎರಡರಲ್ಲೂ ಕೆಲಸ ಒಂದೇ: ಜಠರದ ಒಂದು ಭಾಗವನ್ನೋ ಪೂರ್ತಿಯನ್ನೋ ತೆಗೆದು, ಸುತ್ತಲಿನ ಲಿಂಫ್ ಗ್ರಂಥಿಗಳನ್ನೂ (ಕ್ಯಾನ್ಸರ್ ಹಬ್ಬಬಹುದಾದ ಸಣ್ಣ ಗಂಟುಗಳು) ತೆಗೆಯಬೇಕು. ಕನಿಷ್ಠ 16 ಗ್ರಂಥಿಗಳನ್ನು ಲ್ಯಾಬಿನಲ್ಲಿ ನೋಡಿರಬೇಕು ಅನ್ನುವುದು ಲೆಕ್ಕ. ಬೇರೆಯಾಗುವುದು ಒಳಗೆ ಹೋಗುವ ದಾರಿ. ಓಪನ್‌ನಲ್ಲಿ ಮೇಲ್ಹೊಟ್ಟೆಯ ನಡುವೆ ಉದ್ದಕ್ಕೆ ಕೊಯ್ಯುತ್ತಾರೆ. ರೋಬೋಟ್‌ನಲ್ಲಿ ನಾಲ್ಕೈದು ಸಣ್ಣ ತೂತು, ಜತೆಗೆ ತೆಗೆದದ್ದನ್ನು ಹೊರಗೆ ತರಲು ಸ್ವಲ್ಪ ದೊಡ್ಡ ಕೊಯ್ತ. ಈ ಕೊಯ್ತದ ವಿಷಯ ಯಾರೂ ಹೇಳುವುದೇ ಇಲ್ಲ, ಅಲ್ವಾ?

ರೋಬೋಟ್‌ನಲ್ಲಿ ರಕ್ತ ಕಡಿಮೆ ಹೋಗುತ್ತದೆ, ನೋವು ಕಡಿಮೆ, ಮನೆಗೂ ಸ್ವಲ್ಪ ಬೇಗ ಬರಬಹುದು. ಆದರೆ ಸಮಯ ಜಾಸ್ತಿ, ದುಡ್ಡೂ ಜಾಸ್ತಿ. ಕ್ಯಾನ್ಸರ್ ಮರಳಿ ಬರುವ ವಿಷಯದಲ್ಲಿ ಮಾತ್ರ, ಪಳಗಿದ ಕೈಯಲ್ಲಾದರೆ, ಎರಡಕ್ಕೂ ದೊಡ್ಡ ವ್ಯತ್ಯಾಸ ಕಂಡಿಲ್ಲ. ಗೆಡ್ಡೆ ತುಂಬಾ ದೊಡ್ಡದಿದ್ದರೆ, ಪಕ್ಕದ ಅಂಗಕ್ಕೆ ಅಂಟಿದ್ದರೆ ಸಾಮಾನ್ಯವಾಗಿ ಓಪನ್ನೇ ಗತಿ. ದೊಡ್ಡಪ್ಪನಿಗೂ ಅದೇ ಆಯಿತು.

ಇನ್ನು ಸರ್ಜನ್ ಹತ್ತಿರ ನಾಚಿಕೆ ಬಿಟ್ಟು ಕೇಳಿ: "ವರ್ಷಕ್ಕೆ ಇಂಥ ಎಷ್ಟು ಜಠರದ ಆಪರೇಷನ್ ಮಾಡ್ತೀರಿ ಡಾಕ್ಟ್ರೇ?" ಮಿಷನ್ ಹೊಸದೋ ಹಳೆಯದೋ ಅನ್ನುವುದಕ್ಕಿಂತ ನನಗೆ ಇದೇ ಮುಖ್ಯ. ಹಾಗೇ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ ನಿಜ, ಆದರೆ ರೋಬೋಟಿನ ಖರ್ಚು ಅದರೊಳಗೆ ಬರುತ್ತದಾ ಅಂತ ಬಿಲ್ಲಿಂಗ್ ಕೌಂಟರಿನಲ್ಲಿ ಬರೆಸಿಕೊಳ್ಳಿ.

ಮನೆಗೆ ಬಂದ ಮೇಲೆ ಎರಡರದ್ದೂ ಒಂದೇ ಪಥ್ಯ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಊಟ. ಜಠರ ಪೂರ್ತಿ ತೆಗೆದಿದ್ದರೆ ಜೀವನಪೂರ್ತಿ ಬಿ12 ವಿಟಮಿನ್ ಬೇಕು, ಸಾಮಾನ್ಯವಾಗಿ ಇಂಜೆಕ್ಷನ್ನಿನಲ್ಲೇ ಕೊಡುತ್ತಾರೆ. ದೊಡ್ಡಪ್ಪನ ಮುದ್ದೆ ಈಗ ನಿಂಬೆಹಣ್ಣಿನ ಗಾತ್ರ. ದೊಡ್ಡಮ್ಮನಿಗೆ ಮಾತ್ರ ದಿನವಿಡೀ ಒಲೆ ಆರಿಸಲು ಪುರುಸೊತ್ತಿಲ್ಲ.