ಗ್ಲಿಕಾ ನೆರಾದಲ್ಲಿ ಮೂರು ಗಂಟೆ, ನಾವಿಬ್ಬರೇ

"ಗೋಕರ್ಣ ಬಿಟ್ಟು ಗ್ರೀಸಿಗ್ಯಾಕೆ ಹೋಗ್ತೀರಿ ಭಾವ, ಅಲ್ಲೇನು ಸಮುದ್ರದ ನೀರು ಸಿಹಿಯಾ?" ಅಂತ ನನ್ನ ಹೆಂಡತಿಯ ತಮ್ಮ ನಕ್ಕಿದ್ದ. ನಗುವ ಹಕ್ಕು ಅವನಿಗಿತ್ತು. 2022ರಲ್ಲಿ ಮೂರು ಲಕ್ಷ ದಾಟಿಸಿ ಖರ್ಚು ಮಾಡಿ, ಜನ ಇಲ್ಲದ ಬೀಚು ಅಂತ ಒಂದನ್ನೂ ನೋಡದೆ ಬಂದಿದ್ದೆ. 2024ರಲ್ಲಿ ಮತ್ತೆ ಹೊರಟಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಆದರೆ ಈ ಸಲ ನೀರು ನಿಜಕ್ಕೂ ಸಿಹಿ ಇತ್ತು.

ಜಾಗ ಕ್ರೀಟ್ ದ್ವೀಪದ ದಕ್ಷಿಣ ದಂಡೆಯ ಗ್ಲಿಕಾ ನೆರಾ. ಹೆಸರಿನ ಅರ್ಥವೇ ಸಿಹಿನೀರು. ಒಂದು ಕಡೆ ಖೋರಾ ಸ್ಫಾಕಿಯನ್ ಊರು, ಇನ್ನೊಂದು ಕಡೆ ಲೂತ್ರೋ ಊರು, ನಡುವೆ ಬಂಡೆಗೋಡೆಯ ಬುಡದಲ್ಲಿ ಇದು. ರಸ್ತೆ ಇಲ್ಲ. ನಡೆಯಬೇಕು, ಇಲ್ಲವೇ ಬೋಟ್ ಹತ್ತಬೇಕು.

ಮೊದಲ ಸಲ ಕೆಟ್ಟಿದ್ದು ಹೀಗೆ. ಹೋಗಿದ್ದು ಜುಲೈನಲ್ಲಿ, ಅದೇ ಮೊದಲ ತಪ್ಪು. ಫೋಟೋ ನೋಡಿ ಅದೇ ದ್ವೀಪದ ಹೆಸರುವಾಸಿ ಬೀಚು ಬಾಲೋಸ್‌ಗೆ ಹೋದೆವು. ಕಿಸ್ಸಾಮೋಸ್ ಬಂದರಿನಿಂದ ಹೊರಟ ದೊಡ್ಡ ಹಡಗು ನಮ್ಮ ಜೊತೆಗೇ ನೂರಾರು ಜನರನ್ನು ಇಳಿಸಿತು. ನೀರೇನೋ ಫೋಟೋದಲ್ಲಿ ಕಂಡ ಹಾಗೇ ಇತ್ತು, ಕೂರಲು ಮಾತ್ರ ಜಾತ್ರೆಯಲ್ಲಿ ಟವೆಲ್ ಹಾಸಿ ಜಾಗ ಹಿಡಿದ ಹಾಗೆ. ಎರಡು ದಿನ ಬಿಟ್ಟು ಸ್ಫಾಕಿಯನ್ ಕಡೆಯಿಂದ ಗ್ಲಿಕಾ ನೆರಾಗೆ ನಡೆದು ಹೊರಟೆವು, ಅದೂ ಬೆಳಗಿನ ತಿಂಡಿ ಮುಗಿಸಿ ಹನ್ನೊಂದಕ್ಕೆ! ಮೊದಲು ಎರಡು-ಮೂರು ಕಿಲೋಮೀಟರ್ ಡಾಂಬರು. ರಸ್ತೆ ಹಿಂತಿರುವು ತೆಗೆದುಕೊಳ್ಳುವಲ್ಲಿ ಇ4 ಅನ್ನುವ, ಯುರೋಪಿನ ದೇಶಗಳನ್ನು ದಾಟಿ ಬರುವ ಉದ್ದದ ಕಾಲುದಾರಿ ಶುರು. ಬಂಡೆಯನ್ನು ಕೊರೆದು ಮಾಡಿದ ದಾರಿ, ಎಡಕ್ಕೆ ನೇರ ಸಮುದ್ರ. ಬಿಳಿಕಲ್ಲಿನ ಗೋಡೆ ದೋಸೆಹಂಚಿನ ಹಾಗೆ ಕಾಯುತ್ತಿತ್ತು. ಒಯ್ದ ಎರಡು ಲೀಟರ್ ನೀರು ಅರ್ಧ ದಾರಿಗೇ ಖಾಲಿ. "ರೀ, ನನಗೆ ಯಾವ ಬೀಚೂ ಬೇಡ" ಅಂತ ಇವಳು ನೆರಳಿಲ್ಲದ ಬಂಡೆಗೆ ಒರಗಿ ಕೂತಳು. ವಾಪಸ್ ಬಂದೆವು. ಮಾರನೇ ದಿನ ಹಟಕ್ಕೆ ಬೋಟ್ ಹತ್ತಿ ಹೋದರೆ ಅಲ್ಲಿನ ಕೊಡೆಗಳೆಲ್ಲ ಭರ್ತಿ.

ಎರಡನೇ ಸಲ ಮೂರೇ ಮೂರು ಬದಲಾವಣೆ ಮಾಡಿದೆ: ತಿಂಗಳು, ದಿಕ್ಕು, ಹೊತ್ತು. ಸೆಪ್ಟೆಂಬರ್ ಕೊನೆಯ ವಾರಕ್ಕೆ ಹೊರಟೆ. ಗಾಳಿ ತಣ್ಣಗಾಗಿದ್ದರೂ ಬೇಸಿಗೆಯಿಡೀ ಕಾದ ಸಮುದ್ರ ಇನ್ನೂ ಬೆಚ್ಚಗಿರುತ್ತದೆ. ಸ್ಫಾಕಿಯನ್ ಬಿಟ್ಟು ಲೂತ್ರೋದಲ್ಲಿ ರೂಮು ಹಿಡಿದೆ. ಆ ಊರಿಗೂ ರಸ್ತೆ ಇಲ್ಲ, ಹಾಗಾಗಿ ಕಾರಿನವರು ಅಲ್ಲಿಗೆ ಬರುವುದಿಲ್ಲ, ಹಗಲಿನ ಜನ ಸಂಜೆಯ ಬೋಟಿಗೆ ಹೊರಟುಹೋಗುತ್ತಾರೆ. ಅಲ್ಲಿಂದ ಗ್ಲಿಕಾ ನೆರಾಗೆ ಸುಮಾರು ಒಂದು ಗಂಟೆ, ದಾರಿಯೂ ಸ್ಫಾಕಿಯನ್ ಕಡೆಯಷ್ಟು ಎದೆ ನಡುಗಿಸುವುದಿಲ್ಲ. ಏಳಕ್ಕೆ ನಸುಬೆಳಕಲ್ಲಿ ಹೊರಟರೆ ಎಂಟಕ್ಕೆ ಅಲ್ಲಿ. ದಿನದ ಮೊದಲ ಬೋಟ್ ಬರುವ ಹೊತ್ತಿಗೆ ಹನ್ನೊಂದರ ಹತ್ತಿರ. ಆ ಮೂರು ಗಂಟೆ ನಮ್ಮದೇ.

ಅಲ್ಲಿನ ನೀರಿನ ಕಥೆ ಹೇಳಲೇಬೇಕು. ಬೆನ್ನಿಗೇ ಲೆಫ್ಕಾ ಓರಿ ಬೆಟ್ಟಸಾಲು, 2,450 ಮೀಟರ್‌ವರೆಗೂ ಏರಿದ ಸುಣ್ಣಕಲ್ಲು. ಮಳೆ, ಹಿಮ ಎಲ್ಲ ಅದರೊಳಗೆ ಇಂಗಿ, ದಂಡೆಯ ಬೆಣಚುಗಳ ಕೆಳಗೆ ಹೊರಬರುತ್ತದೆ. ನಮ್ಮೂರ ಕಡೆ ಬೇಸಿಗೆಯಲ್ಲಿ ಹೊಳೆಯ ಮರಳು ಬಗೆದು ಒರತೆ ತೆಗೆಯುತ್ತೇವಲ್ಲ, ಥೇಟ್ ಅದೇ. ಸ್ಟೀಲ್ ತಟ್ಟೆಯಿಂದ ಮೊಳದಷ್ಟು ಬಗೆದೆ. ಮೊದಲು ಕದಡಿದ ನೀರು, ಅದನ್ನು ಎರಡು ಸಲ ಚೆಲ್ಲಿದ ಮೇಲೆ ತಳದ ಕಲ್ಲು ಎಣಿಸುವಷ್ಟು ತಿಳಿ. ಬೆರಳು ಜೋಮು ಹಿಡಿಯುವಷ್ಟು ತಣ್ಣಗೆ. ನನಗೆ ಸುಮ್ಮನಿರಲಾಗದೆ ಇನ್ನೂ ಎರಡು ಗುಂಡಿ ತೋಡಿದೆ. ಅಲೆಗೆ ತೀರಾ ಹತ್ತಿರ ತೋಡಿದ್ದು ಉಪ್ಪುಪ್ಪು, ಬಂಡೆ ಬುಡದ್ದು ಒಣ, ನಡುವಿನದೇ ಸಿಹಿ. ಎಷ್ಟು ಹೆಜ್ಜೆ ಅಂತ ಕೇಳಬೇಡಿ, ಅದನ್ನು ನೀವೇ ಬಗೆದು ನೋಡಿ.

ಈಜಲು ಇಳಿದರೆ ಇನ್ನೊಂದು ಸೋಜಿಗ. ಸಿಹಿನೀರು ಹಗುರ, ಮೇಲೆ ತೇಲುತ್ತದೆ. ಹಾಗಾಗಿ ಎದೆ ಮಟ್ಟದಲ್ಲಿ ಚಳಿ, ಕಾಲಿನ ಕಡೆ ಬೆಚ್ಚಗೆ. ಕನ್ನಡಕ ಹಾಕಿಕೊಂಡು ಮುಳುಗಿದರೆ ಎರಡೂ ಬೆರೆಯುವಲ್ಲಿ ಕಣ್ಣು ಮಂಜಾಗುತ್ತದೆ, ಬಿಸಿನೀರಿನಲ್ಲಿ ಸಕ್ಕರೆ ಕರಗುವಾಗ ಎಳೆ ಎಳೆ ಕಾಣುವ ಹಾಗೆ.

ತಿಂಡಿಯ ಪ್ರಯೋಗ ಇವಳದ್ದು. ಬೇಸಿಗೆಯಿಂದ ಅಕ್ಟೋಬರ್ ಮುಗಿಯುವವರೆಗೂ ಗ್ರೀಸಿನಲ್ಲಿ ಬಯಲಲ್ಲಿ ಒಲೆ ಹಚ್ಚುವಂತಿಲ್ಲ, ಕಾಡ್ಗಿಚ್ಚಿನ ಭಯ. ಹಾಗಾಗಿ ಬೆಂಗಳೂರಿನಿಂದಲೇ ಗೊಜ್ಜವಲಕ್ಕಿ ಪುಡಿ ಮಾಡಿ ತಂದಿದ್ದಳು. ಒರತೆ ನೀರು ಬೆರೆಸಿ ಕಾಲು ಗಂಟೆ ಇಟ್ಟರೆ ತಿಂಡಿ ತಯಾರ್. ಸ್ವಲ್ಪ ಉಪ್ಪು ಮುಂದಾಗಿತ್ತು, ಮನೆಯಲ್ಲೇ ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದ್ದಳು.

ಸಸ್ಯಾಹಾರಿಗಳಿಗೆ ಒಂದು ಮಾತು. 'ನಿಸ್ತೀಸಿಮೊ' ಅಂದರೆ ಅಲ್ಲಿನವರ ಉಪವಾಸದ ಊಟ, ಮಾಂಸ, ಮೊಟ್ಟೆ, ಹಾಲು ಇಲ್ಲ ಅಂತ ಓದಿಕೊಂಡು ಹೋಗಿ ಜಂಬದಿಂದ ಹೇಳಿದೆ. ತಟ್ಟೆಯಲ್ಲಿ ಬಂದಿದ್ದು ಆಕ್ಟೋಪಸ್! ಅವರ ಉಪವಾಸಕ್ಕೆ ಅದು ನಡೆಯುತ್ತದಂತೆ. ಹನ್ನೆರಡೋ ಹದಿಮೂರೋ ಯೂರೋ ಪಕ್ಕದ ಮೇಜಿನವರ ಪಾಲು. ಆಮೇಲೆ ಬೇಯಿಸಿದ ಸೊಪ್ಪು ಖೋರ್ತಾ, ಒಣ ಬಾರ್ಲಿ ರೊಟ್ಟಿ ಮೇಲೆ ಟೊಮೆಟೊ ಹಾಕುವ ದಾಕೋಸ್, ಜೇನು ಸುರಿದ ಸ್ಫಾಕಿಯಾ ಪಿತ್ತಾ, ಇಷ್ಟರಲ್ಲೇ ದಿನ ತಳ್ಳಿದೆವು. ಪಿತ್ತಾ ಒಳಗೆ ಚೀಸ್, ಹೊರಗೆ ತೆಳು ಹೋಳಿಗೆ ಅಂದುಕೊಳ್ಳಿ.

ಲೆಕ್ಕ ಬಾಯಿಗೆ ಬಂದಷ್ಟು: ವೀಸಾ ತಲೆಗೆ 90 ಯೂರೋ, ಅದರ ಮೇಲೆ ಸೇವಾಶುಲ್ಕ, ಇಬ್ಬರಿಗೂ ಇಪ್ಪತ್ತು ಸಾವಿರದ ಹತ್ತಿರ. ವಿಮಾನ ತಲೆಗೆ ಅರವತ್ತು ಸಾವಿರ ಇರಬಹುದು. ಅಥೆನ್ಸಿನ ಬಂದರು ಪಿರೇಯಸ್‌ನಿಂದ ಕ್ರೀಟಿನ ಖನಿಯಾಗೆ ರಾತ್ರಿ ಹಡಗು ಹಿಡಿದೆವು, ಸೀಟಿಗೆ ನಲವತ್ತೈದು ಯೂರೋ ಆಸುಪಾಸು, ಒಂದು ರಾತ್ರಿಯ ಹೋಟೆಲ್ ಉಳಿಯಿತು. ಲೂತ್ರೋ ರೂಮು ದಿನಕ್ಕೆ ಐವತ್ತೈದು ಯೂರೋ. ಒಟ್ಟು ಎರಡೂಕಾಲು ಲಕ್ಷದೊಳಗೆ ಮುಗಿಯಿತು, ಜುಲೈ ಯಾತ್ರೆಗಿಂತ ಮುಕ್ಕಾಲು ಲಕ್ಷ ಕಡಿಮೆ.

ಮೂರನೇ ದಿನ ಗಾಳಿ ಎದ್ದಿತು. ಬೆಟ್ಟದ ಕಡೆಯಿಂದ ಒಮ್ಮೆಗೇ ಬಡಿಯುವ ಗಾಳಿ, ಬೋಟ್ ಬಂದ್. ಊರಿನವರು ಬೇಡ ಅಂದರೂ ನಾವು ನಡೆದೆವು. ಮಧ್ಯಾಹ್ನ ಒಂದರವರೆಗೂ ಬೀಚಿನಲ್ಲಿ ನಾವು, ತಾಮರಿಸ್ಕ್ ಮರದಡಿ ಎರಡು ಆಡು, ದೂರದ ತುದಿಯಲ್ಲಿ ಬಟ್ಟೆ ಇಲ್ಲದೆ ಮಲಗಿದ್ದ ಒಬ್ಬ ಮುದುಕ. ಅಲ್ಲಿ ಅದು ಮಾಮೂಲು, ಇವಳು ಮೊದಲ ದಿನ ತಲೆ ತಗ್ಗಿಸಿದವಳು ಆಮೇಲೆ ಗಮನಿಸುವುದನ್ನೇ ಬಿಟ್ಟಳು. ಮೇಲಿಂದ ಎರಡು ಮೂರು ಕಲ್ಲು ಉರುಳಿ ನಮ್ಮಿಂದ ಹತ್ತಡಿ ಆಚೆ ಬಿದ್ದಾಗ ಮಾತ್ರ ಎದ್ದು ನೀರಿನ ಕಡೆ ಸರಿದೆವು. ಗಾಳಿ ದಿನ ಬಂಡೆಬುಡದಲ್ಲಿ ಕೂರಬೇಡಿ. ಎಲ್ಲಿ ಕೂರಬಹುದು ಅನ್ನುವುದು ನನಗೆ ಗೊತ್ತು, ಆದರೆ ಮುಂದಿನ ವರ್ಷ ನಾವೂ ಮತ್ತೆ ಹೋಗಬೇಕಲ್ಲ.

ಬಾಮೈದನಿಗೆ ಒರತೆ ನೀರಿನ ಒಂದು ಬಾಟಲಿ ತಂದುಕೊಟ್ಟೆ. ಅವನು ಕುಡಿಯಲಿಲ್ಲ, ಮನೆಯ ತುಳಸಿಗೆ ಹಾಕಿದನಂತೆ.