ಮಳೆಗಾಲಕ್ಕೆ ಉಪ್ಪುಸೊಳೆ ಹಾಕಿಡುವುದು ಹೇಗೆ

ಏಪ್ರಿಲ್ ಕೊನೆಯಿಂದ ಮೇ ಮುಗಿಯುವವರೆಗೆ ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ತೋಟಗಳಲ್ಲಿ ಹಲಸಿನಕಾಯಿ ಬಲಿತು ನಿಂತಿರುತ್ತದೆ. ಉಪ್ಪುಸೊಳೆ, ಅಂದರೆ ಹಲಸಿನಕಾಯಿಯ ಸೊಳೆ ಬಿಡಿಸಿ ಉಪ್ಪಿನಲ್ಲಿ ಹಾಕಿಡುವುದಕ್ಕೆ ಇದೇ ಸಮಯ. ಮಳೆ ಬಿದ್ದ ಮೇಲೆ ಕಾಯಿ ನೀರು ಕುಡಿದಿರುತ್ತದೆ, ಭರಣಿಯಲ್ಲಿ ಬೇಗ ಮೆತ್ತಗಾಗುತ್ತದೆ.

ಕಾಯಿ ಗಟ್ಟಿ ಸೊಳೆಯ ಬಕ್ಕೆಯದ್ದೇ ಆಗಬೇಕು. ಮೆತ್ತಗಿನ ಸೊಳೆಯ ತುಳುವ ಜಾತಿ ಹಾಕಿದರೆ ಕೊನೆಗೆ ಸಿಗುವುದು ಗೊಜ್ಜು ಅಷ್ಟೆ. ಚೆನ್ನಾಗಿ ಬಲಿತಿರಬೇಕು, ಆದರೆ ಹಣ್ಣಿನ ಪರಿಮಳ ಶುರುವಾಗಿರಬಾರದು. ಒಂದು ಸೊಳೆ ಕಚ್ಚಿ ನೋಡಿ. ಸಿಹಿ ಬಂದಿದ್ದರೆ ಆ ಕಾಯಿ ಪಕ್ಕಕ್ಕಿಡಿ, ನಾಲ್ಕು ದಿನ ಬಿಟ್ಟು ಹಣ್ಣು ತಿನ್ನಿ.

ಕೈಗೂ ಕತ್ತಿಗೂ ತೆಂಗಿನೆಣ್ಣೆ ಧಾರಾಳವಾಗಿ ಹಚ್ಚಿಕೊಂಡೇ ಕೂರಿ, ಇಲ್ಲದಿದ್ದರೆ ಮೇಣ ಬಿಡಿಸುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ. ಇದು ಒಬ್ಬರೇ ಮಾಡುವ ಕೆಲಸ ಅಲ್ಲ. ಒಬ್ಬರು ಕಾಯಿ ಕಡಿದು ಗೂಂಜು (ನಡುವಿನ ದಿಂಡು) ತೆಗೆಯಲಿ, ಇನ್ನೊಬ್ಬರು ಸೊಳೆ ಬಿಡಿಸಲಿ, ಬೇಳೆ (ಬೀಜ) ತೆಗೆಯುವ ಕೆಲಸ ಮಕ್ಕಳಿಗೆ ಕೊಡಿ, ಹರಟೆ ತಾನಾಗಿಯೇ ಶುರುವಾಗುತ್ತದೆ. ಸೊಳೆಯನ್ನು ಮಾತ್ರ ನೀರಿನಲ್ಲಿ ತೊಳೆಯಬೇಡಿ. ಬೇಳೆ ಬಿಸಾಡಬೇಡಿ, ಸಾರಿಗೆ ಬೇಕಾಗುತ್ತದೆ.

ಈಗ ಉಪ್ಪು. 5 ಕಿಲೋ ಸೊಳೆಗೆ 1 ಕಿಲೋ ಕಲ್ಲುಪ್ಪು ಬೇಕು. ಇಷ್ಟೊಂದಾ ಅಂತ ಎಲ್ಲರೂ ಕೇಳುತ್ತಾರೆ, ಆರೋಗ್ಯಕ್ಕೆ ಒಳ್ಳೆಯದು ಅಂತ ಅರ್ಧ ಹಾಕುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಲಸಿನಕಾಯಿಗೆ ಮಾವಿನಮಿಡಿಯಂತೆ ಸ್ವಂತ ಹುಳಿ ಇಲ್ಲ, ಅದನ್ನು ಕಾಯುವುದು ಉಪ್ಪೊಂದೇ. ಗಾಳಿಯಾಡದ ಕಡೆ ವಿಷ ಹುಟ್ಟಿಸುವ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಇದೆಯಲ್ಲ, ಅದನ್ನು ಉಪ್ಪಿನಿಂದಲೇ ತಡೆಯಬೇಕಾದರೆ ನೀರಿನಲ್ಲಿ ಸುಮಾರು ಶೇಕಡಾ 10 ಉಪ್ಪು ಇರಬೇಕು. ನಮ್ಮ ಲೆಕ್ಕದಲ್ಲಿ ಅದಕ್ಕಿಂತ ಜಾಸ್ತಿಯೇ ಇದೆ. ಉಪ್ಪು ಕಡಿಮೆ ಮಾಡುವುದು ಅಡುಗೆ ಮಾಡುವ ದಿನ, ಹಾಕಿಡುವ ದಿನ ಅಲ್ಲ.

ಭರಣಿ ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿರಬೇಕು. ತಳಕ್ಕೆ ಒಂದು ಹಿಡಿ ಉಪ್ಪು, ಮೇಲೆ ಒಂದು ಪದರ ಸೊಳೆ, ಮತ್ತೆ ಉಪ್ಪು, ಹೀಗೆ ಒತ್ತಿ ಒತ್ತಿ ತುಂಬಿಸಿ, ಕೊನೆಯ ಪದರ ಉಪ್ಪಿನದೇ ಇರಲಿ. ಅದರ ಮೇಲೊಂದು ಪಿಂಗಾಣಿ ತಟ್ಟೆ, ತಟ್ಟೆಯ ಮೇಲೆ ತೊಳೆದು ಒಣಗಿಸಿದ ಹೊಳೆಕಲ್ಲು. ಸ್ಟೀಲ್ ತಟ್ಟೆ ಬೇಡ, ಉಪ್ಪು ಅದನ್ನು ತಿನ್ನುತ್ತದೆ. ಎರಡು ಮೂರು ದಿನದಲ್ಲಿ ಸೊಳೆ ನೀರು ಬಿಟ್ಟುಕೊಂಡು ಮುಳುಗಬೇಕು. ಮುಳುಗದಿದ್ದರೆ 1 ಲೀಟರ್ ನೀರಿಗೆ 200 ಗ್ರಾಂ ಉಪ್ಪು ಹಾಕಿ ಕುದಿಸಿ, ಪೂರ್ತಿ ಆರಿಸಿ ಸುರಿಯಿರಿ. ಬಾಯಿಗೆ ಬಟ್ಟೆ ಕಟ್ಟಿ ಕತ್ತಲಿರುವ ಮೂಲೆಯಲ್ಲಿಡಿ. ಫ್ಲಾಟಿನಲ್ಲಿ ಇರುವವರು ಗಾಜಿನ ದೊಡ್ಡ ಬಾಟಲಿಯಲ್ಲೂ ಹಾಕಬಹುದು, ಸೊಳೆ ನೀರಿನಿಂದ ಮೇಲೆ ಬರದಂತೆ ನೋಡಿಕೊಂಡರೆ ಸಾಕು.

ಆಮೇಲೆ ಸುಮ್ನೆ ಬಿಟ್ಟುಬಿಡಿ. ಮೇಲೆ ತೆಳ್ಳಗೆ ಬಿಳಿ ಪೊರೆ ಕಂಡರೆ ಒಣ ಸೌಟಿನಲ್ಲಿ ತೆಗೆದರಾಯಿತು. ಕಪ್ಪು ಬೂಷ್ಟು ಬಂದು ಕೊಳೆತ ವಾಸನೆ ಹೊಡೆದರೆ ಭರಣಿಗೆ ಭರಣಿಯೇ ಗೊಬ್ಬರದ ಗುಂಡಿಗೆ, ಆಸೆ ಮಾಡಬೇಡಿ.

ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಳೆ ಬಿಡದೆ ಹೊಡೆಯುವಾಗ, ಹಿತ್ತಿಲಲ್ಲಿ ಕೆಸುವಿನೆಲೆ ಬಿಟ್ಟರೆ ಬೇರೇನೂ ಇಲ್ಲದಿರುವಾಗ ಭರಣಿಯ ಬಟ್ಟೆ ಬಿಚ್ಚುವ ಖುಷಿಯೇ ಬೇರೆ. ಯಾವ ಮರದ ಕಾಯಿ, ಯಾರು ಬಿಡಿಸಿದ್ದು, ಒಳಗೆ ಏನು ಹಾಕಿದ್ದು, ಎಲ್ಲ ನಮಗೇ ಗೊತ್ತು. ಅಂಗಡಿ ಡಬ್ಬದ ಹಿಂದಿನ ಸಣ್ಣ ಅಕ್ಷರ ಓದುವ ಕಷ್ಟ ಇಲ್ಲ.

ಬೇಕಾದಷ್ಟು ಸೊಳೆ ತೆಗೆದು ತೊಳೆದು, ಎರಡು ಸಲ ನೀರು ಬದಲಿಸಿ ನಾಲ್ಕೈದು ಗಂಟೆ ನೆನೆಸಿ, ಹಿಂಡಿ. ಒಂದು ಚೂರು ತಿಂದು ನೋಡಿ, ಇನ್ನೂ ಉಪ್ಪಿದ್ದರೆ ಇನ್ನೊಂದು ನೀರು. ಬೀಪಿ ಇರುವವರಿಗೆ ಇದು ಅಪರೂಪಕ್ಕೆ ಮಾತ್ರ. ಪಲ್ಯ, ಹುಳಿ, ರೊಟ್ಟಿ ಯಾವುದಕ್ಕೂ ಆಗುತ್ತದೆ, ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡಿ. ರೊಟ್ಟಿಗೆ ನೆನೆಸಿದ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿ, ಸೊಳೆ, ತೆಂಗಿನತುರಿ ಒಟ್ಟಿಗೆ ಗಟ್ಟಿಯಾಗಿ ರುಬ್ಬಿ ಬಾಳೆಲೆಯಲ್ಲಿ ತಟ್ಟಿ ಕಾವಲಿಗೆ ಹಾಕುವುದು. ಅದೇ ಹಿಟ್ಟು ಇನ್ನಷ್ಟು ಗಟ್ಟಿ ಮಾಡಿ ಚಿಕ್ಕ ಚಿಕ್ಕ ಉಂಡೆ ಕಟ್ಟಿ ತೆಂಗಿನೆಣ್ಣೆಯಲ್ಲಿ ಕರಿದರೆ ಉಂಡ್ಲಕಾಯಿ. ಉರಿ ಸಣ್ಣದಿರಲಿ, ಉಂಡೆ ದೊಡ್ಡದಾದರೆ ಒಳಗೆ ಹಸಿ ಉಳಿಯುತ್ತದೆ.