ಚಿಕ್ಕ ಸೈಟಿನಲ್ಲಿ ಎತ್ತರದ ಆಫೀಸು: ಕರೆಂಟು, ನೀರು ಕಮ್ಮಿ ಸಾಕಾಗುವ ಹಾಗೆ ಕಟ್ಟುವುದು ಹೇಗೆ

ಲೆಕ್ಕಕ್ಕೆ ಒಂದು ಸೈಟು ಇಟ್ಟುಕೊಳ್ಳೋಣ. ಸುತ್ತ ಬಿಡಬೇಕಾದ ಜಾಗ ಬಿಟ್ಟ ಮೇಲೆ ಒಂದೊಂದು ಮಹಡಿಗೆ ಸಿಗುವುದು 20 ಮೀಟರ್ ಅಗಲ, 25 ಮೀಟರ್ ಉದ್ದ. ಎರಡು ಕಡೆ ರಸ್ತೆ, ಇನ್ನೆರಡು ಕಡೆ ಒತ್ತಿಕೊಂಡು ನಿಂತ ಪಕ್ಕದ ಕಟ್ಟಡಗಳು. ಇದರ ಮೇಲೆ 12 ಮಹಡಿ ಏರಿಸಬೇಕು. ಇಂಥ ಕೆಲಸ ಬಂದ ಕೂಡಲೇ ಎಲ್ಲರೂ ಕೇಳುವುದು ಸೋಲಾರ್ ಎಲ್ಲಿ ಹಾಕೋಣ, ಬಾಲ್ಕನಿಯಲ್ಲಿ ಯಾವ ಗಿಡ ಇಡೋಣ ಅಂತ. ಅದೆಲ್ಲ ಆಮೇಲೆ. ಹಾಳೆಯ ಮೇಲೆ ಮೊದಲು ಬರೆಯಬೇಕಾದದ್ದು ಲಿಫ್ಟು, ಮೆಟ್ಟಿಲು, ಟಾಯ್ಲೆಟ್ಟು, ಪೈಪಿನ ಡಕ್ಟು ಎಲ್ಲ ಸೇರಿದ ಕೋರ್ ಎಲ್ಲಿ ಕೂರುತ್ತದೆ ಅನ್ನುವುದನ್ನು.

ಯಾಕೆ ಅಂದರೆ, ಮಹಡಿ ಚಿಕ್ಕದಾಯಿತು ಅಂತ ಕೋರ್ ಅದೇ ಲೆಕ್ಕದಲ್ಲಿ ಚಿಕ್ಕದಾಗುವುದಿಲ್ಲ. ಬೆಂಕಿ ಬಿದ್ದರೆ ಇಳಿಯಲು ಎರಡು ಮೆಟ್ಟಿಲು ಬೇಕೇ ಬೇಕು, ಲಿಫ್ಟೂ ಒಂದರಲ್ಲಿ ಮುಗಿಯುವುದಿಲ್ಲ. ಹೀಗಾಗಿ ಮಹಡಿಯ ಕಾಲು ಭಾಗ ಇದಕ್ಕೇ ಹೋಗಬಹುದು. ಅದನ್ನು ರೂಢಿಯಂತೆ ನಟ್ಟನಡುವೆ ಇಟ್ಟರೆ ಏನಾಗುತ್ತದೆ ನೋಡಿ: 9 ಮೀಟರ್ ಅಗಲದ ಕೋರ್, ಆಚೆ ಈಚೆ ಐದೂವರೆ ಮೀಟರಿನ ಪಟ್ಟಿ. ಅದರಲ್ಲಿ ಓಡಾಡುವ ದಾರಿ ಕಳೆದರೆ ಉಳಿಯುವುದು ಒಂದೆರಡು ಸಾಲು ಮೇಜು. ಪಕ್ಕದ ಕಟ್ಟಡದ ಕಡೆಯ ಪಟ್ಟಿಗೆ ಬೆಳಕೂ ಇಲ್ಲ.

ಅದೇ ಕೋರನ್ನು ಅಂಚಿಗೆ ತಳ್ಳಿ. ಪಕ್ಕದ ಗೋಡೆಗೆ ಒರಗಿಸಿ, ಇಲ್ಲವೇ ಬಿಸಿಲು ಜಾಸ್ತಿ ಹೊಡೆಯುವ ಮಗ್ಗುಲಿಗೆ ನಿಲ್ಲಿಸಿ. ಜನ ಕೂರದ ಜಾಗವೇ ಬಿಸಿಲಿಗೆ ಅಡ್ಡ ನಿಲ್ಲುತ್ತದೆ. ಗಾಳಿ ಬೆಳಕಿಗೆ ತೆರೆದ ಹೊರಗೋಡೆಗೆ ಅಂಟಿದ್ದರೆ ಮೆಟ್ಟಿಲಿಗೂ ಟಾಯ್ಲೆಟ್ಟಿಗೂ ಕಿಟಕಿ ಸಿಗುತ್ತದೆ, ಹಗಲು ದೀಪ ಬೇಡ, ಗಾಳಿಗೆ ಫ್ಯಾನೂ ಬೇಡ. ವಾಸ್ತುಶಿಲ್ಪಿ ಕೆನ್ ಯೀಂಗ್ ಮಲೇಷ್ಯಾದ ಮೆನಾರಾ ಮೆಸಿನಿಯಾಗಾದಲ್ಲಿ 1992ರಲ್ಲೇ ಇದನ್ನು ಮಾಡಿ ತೋರಿಸಿದರು. ಅಲ್ಲಿ ಕೋರ್ ಇರುವುದು ಬೆಳಗಿನ ಬಿಸಿಲು ಬೀಳುವ ಪೂರ್ವಕ್ಕೆ. ಒಂದು ತೊಂದರೆ ಇದೆ. ಗಟ್ಟಿಯಾದ ಭಾಗವೆಲ್ಲ ಒಂದೇ ಕಡೆ ಇದ್ದರೆ ಗಾಳಿಗೆ, ಭೂಕಂಪಕ್ಕೆ ಕಟ್ಟಡ ತಿರುಚಿಕೊಳ್ಳಲು ನೋಡುತ್ತದೆ. ಎದುರು ಮಗ್ಗುಲಿನ ಕಂಬ ತೊಲೆಗಳನ್ನು ಅದಕ್ಕೆ ತಕ್ಕಂತೆ ಬಿಗಿ ಮಾಡಬೇಕು. ಹಾಗಾಗಿ ಸ್ಟ್ರಕ್ಚರಲ್ ಎಂಜಿನಿಯರನ್ನು ಮೊದಲ ವಾರವೇ ಕೂರಿಸಿಕೊಳ್ಳಿ, ಪ್ಲಾನ್ ಮುಗಿದ ಮೇಲೆ ಕರೆದರೆ ಅವರು ಬೈಯುತ್ತಾರೆ, ಬೈದರೂ ತಪ್ಪಿಲ್ಲ.

ಕೋರ್ ಸರಿದ ಮೇಲೆ ಚಿಕ್ಕ ಸೈಟಿನ ಲಾಭ ಕಾಣತೊಡಗುತ್ತದೆ. ಹಗಲಿನ ಬೆಳಕು ಕಿಟಕಿಯ ಮೇಲಂಚಿನ ಎತ್ತರದ ಒಂದೂವರೆಯಿಂದ ಎರಡು ಪಟ್ಟು ದೂರದವರೆಗೆ ಚೆನ್ನಾಗಿ ಒಳಬರುತ್ತದೆ ಅನ್ನುವುದು ಹಳೆಯ ಲೆಕ್ಕ. ಕಿಟಕಿ 3 ಮೀಟರ್ ಎತ್ತರಕ್ಕೆ ಹೋದರೆ ನಾಲ್ಕೂವರೆಯಿಂದ 6 ಮೀಟರ್. ದೊಡ್ಡ ಕಟ್ಟಡದ ನಡುವಿನ ಜನ ಮಧ್ಯಾಹ್ನ 12ಕ್ಕೂ ಟ್ಯೂಬ್‌ಲೈಟ್ ಕೆಳಗೇ ಇರುತ್ತಾರೆ. ನಿಮ್ಮಲ್ಲಿ ಹೆಚ್ಚಿನವರು ಕಿಟಕಿಗೆ ಹತ್ತಿರ. ಇದನ್ನು ಕೆಡಿಸುವುದು ಎರಡೇ: ಕಿಟಕಿಯುದ್ದಕ್ಕೂ ಮ್ಯಾನೇಜರ್‌ಗಳ ಕ್ಯಾಬಿನ್ನು, ಮತ್ತೆ ಎರಡೂವರೆ ಮೀಟರಿಗೆ ಇಳಿದ ಫಾಲ್ಸ್ ಸೀಲಿಂಗು. ಕ್ಯಾಬಿನ್ನನ್ನು ಕೋರ್ ಕಡೆಗೆ ಸರಿಸಿ. ಸೀಲಿಂಗೇ ಬೇಡ, ಸ್ಲ್ಯಾಬನ್ನು ಹಾಗೇ ಬಿಡಿ.

ಸ್ಲ್ಯಾಬ್ ಬರಿದಾಗಿದ್ದರೆ ಇನ್ನೊಂದು ಉಪಯೋಗ. ಮೆಲ್ಬರ್ನಿನ ಸಿಎಚ್‌2 ಅನ್ನುವ 10 ಮಹಡಿಯ ಕಚೇರಿಯಲ್ಲಿ (2006) ರಾತ್ರಿ ಕಿಟಕಿಗಳು ತಾವೇ ತೆರೆದುಕೊಂಡು ತಣ್ಣನೆ ಗಾಳಿಯಿಂದ ಕಾಂಕ್ರೀಟನ್ನು ತಂಪು ಮಾಡುತ್ತವೆ, ಹಗಲು ಆ ಕಾಂಕ್ರೀಟು ಕೋಣೆಯ ಶಾಖ ಹೀರುತ್ತದೆ. ರಾತ್ರಿಯೂ ಸೆಕೆ ಇಳಿಯದ ಊರಿನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಸ್ಲ್ಯಾಬಿಗೆ ಸೀಲಿಂಗ್ ಫ್ಯಾನ್ ತೂಗಿಸಿ, ಎ.ಸಿ.ಯನ್ನು 22ರ ಬದಲು 26ಕ್ಕೆ ಇಡಿ.

ಇನ್ನು ಗಾಜು. ನಾನು ಕೆಲಸ ಮಾಡಿದ ಒಂದು ಕಟ್ಟಡದಲ್ಲಿ ಪಶ್ಚಿಮಕ್ಕೆ ನೆಲದಿಂದ ಸೀಲಿಂಗಿನವರೆಗೆ ಗಾಜು ಹಾಕಿಸಿದ್ದೆವು. ಚಿತ್ರದಲ್ಲಿ ಏನು ಚೆಂದ! ಜನ ಬಂದು ಕೂತ ಎರಡನೇ ವಾರ ನಾಲ್ಕು ಗಂಟೆಗೆ ಹೋಗಿ ನೋಡಿದರೆ ಗಾಜಿನ ಒಳಗಡೆ ಸೆಲೋಟೇಪಿನಿಂದ ಅಂಟಿಸಿದ ನ್ಯೂಸ್‌ಪೇಪರು, ಎಳೆದ ಪರದೆ, ಒಳಗೆ ಉರಿಯುತ್ತಿರುವ ಎಲ್ಲ ದೀಪ. ಗಾಜಿಗೆ ದುಡ್ಡು ಕೊಟ್ಟು, ಕತ್ತಲಿಗೂ ದುಡ್ಡು ಕೊಟ್ಟ ಹಾಗೆ! ಅವತ್ತಿನಿಂದ ಗೋಡೆಯ ನೂರಕ್ಕೆ 30ರಿಂದ 40 ಭಾಗಕ್ಕಿಂತ ಜಾಸ್ತಿ ಗಾಜು ಹಾಕುವುದಿಲ್ಲ. ಕೆಳಗಿನ ಮುಕ್ಕಾಲು ಮೀಟರ್ ಗಾಜಿನಿಂದ ಮೇಜಿಗೆ ಬೆಳಕೇ ಬರುವುದಿಲ್ಲ, ಅಲ್ಲಿ ಗೋಡೆಯೇ ಸಾಕು. ನೆರಳು ಮಾತ್ರ ಗಾಜಿನ ಹೊರಗಿರಬೇಕು, ಒಳಗಿನ ಪರದೆಗೆ ಬಿಸಿಲು ತಾಗುವ ಹೊತ್ತಿಗೆ ಶಾಖ ಆಗಲೇ ಒಳಗೆ ಬಂದಿರುತ್ತದೆ. ನಡುಹಗಲಿನ ಎತ್ತರದ ಸೂರ್ಯನಿಗೆ ಅಡ್ಡ ಸಜ್ಜಾ ಸಾಕು. ಪೂರ್ವ ಪಶ್ಚಿಮದ ತಗ್ಗು ಬಿಸಿಲು ಸಜ್ಜಾದ ಕೆಳಗೇ ನುಗ್ಗುತ್ತದೆ, ಅದಕ್ಕೆ ನಿಲುವು ಹಲಗೆಗಳು ಬೇಕು.

ಈಗ ಸೋಲಾರ್. ತಾರಸಿ 500 ಚದರ ಮೀಟರ್. ನೀರಿನ ಟ್ಯಾಂಕು, ಎ.ಸಿ. ಯಂತ್ರ, ಓಡಾಡುವ ದಾರಿ ಕಳೆದರೆ ಪ್ಯಾನೆಲ್ಲಿಗೆ 250 ಸಿಕ್ಕೀತು. ಚದರ ಮೀಟರಿಗೆ 200 ವಾಟ್ ಅಂದರೆ 50 ಕಿಲೋವಾಟ್. ಒಳ್ಳೆ ಬಿಸಿಲಿರುವ ಕಡೆ ಕಿಲೋವಾಟಿಗೆ ವರ್ಷಕ್ಕೆ 1,400 ಯೂನಿಟ್ ಹಿಡಿದರೂ ಒಟ್ಟು 70,000. ಕಟ್ಟಡ 6,000 ಚದರ ಮೀಟರ್, ಚದರ ಮೀಟರಿಗೆ ವರ್ಷಕ್ಕೆ 100 ಯೂನಿಟ್ ಅಂದುಕೊಂಡರೆ ಬೇಕಾದದ್ದು 6 ಲಕ್ಷ. ಎಂಟರಲ್ಲಿ ಒಂದು ಪಾಲೂ ಆಗಲಿಲ್ಲ, ಅಲ್ವಾ? ಸಿಯಾಟಲ್‌ನ ಬುಲಿಟ್ ಸೆಂಟರ್ (2013) ವರ್ಷದ ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳುತ್ತದೆ ನಿಜ, ಆದರೆ ಅದು ಆರೇ ಮಹಡಿ, ಪ್ಯಾನೆಲ್‌ಗಳು ಗೋಡೆ ದಾಟಿ ಫುಟ್‌ಪಾತಿನ ಮೇಲಕ್ಕೂ ಚಾಚಿವೆ, ಬಳಕೆಯನ್ನು ಮೊದಲು ತೀರಾ ಕಮ್ಮಿ ಮಾಡಿಕೊಂಡಿದ್ದಾರೆ. ಪ್ಯಾನೆಲ್ ಹಾಕಿ, ಬೇಡ ಅನ್ನುವುದಿಲ್ಲ. ಮಾಲೀಕರಿಗೆ ಮಾತ್ರ ಈ ಲೆಕ್ಕವನ್ನು ಮೊದಲೇ ತೋರಿಸಿ.

ಬೇಸ್‌ಮೆಂಟಿನ ಪಾರ್ಕಿಂಗ್ ಬಗ್ಗೆಯೂ ಇದೇ ಥರ ಕೂತು ಲೆಕ್ಕ ಹಾಕಿ. 3 ಮೀಟರ್ ಕೆಳಗಿಳಿಯಲು 1:8 ಇಳಿಜಾರಿನ ರ‍್ಯಾಂಪಿಗೆ 24 ಮೀಟರ್ ಉದ್ದ ಬೇಕು. ನಿಮ್ಮ ಮಹಡಿಯ ಉದ್ದವೇ 25! ಕಾರು ತಿರುಗಲು ಜಾಗ ಬಿಟ್ಟರೆ ನಿಲ್ಲುವುದು ಬೆರಳೆಣಿಕೆಯ ಕಾರು, ಅದಕ್ಕೆ ಅಗೆತ, ಪಕ್ಕದವರ ಪಾಯ ಕುಸಿಯದಂತೆ ತಡೆಗೋಡೆ, ರಾಶಿ ಕಾಂಕ್ರೀಟು. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ನೂರಕ್ಕೆ 7–8 ಪಾಲು ಬರುವುದು ಸಿಮೆಂಟ್ ತಯಾರಿಕೆಯಿಂದ. ನಿಯಮ ಒಪ್ಪಿದರೆ ಕಾರಿನ ಪಾರ್ಕಿಂಗ್ ಕೈಬಿಡಿ, ನೆಲಮಟ್ಟದಲ್ಲಿ ಸೈಕಲ್ ನಿಲ್ಲಿಸಲು ಜಾಗ, ಒಂದು ಸ್ನಾನದ ಕೋಣೆ ಕೊಡಿ. ಕಾಂಕ್ರೀಟು ಉಳಿಸಲು ಮೇಲಿನ ಮಹಡಿಗಳಲ್ಲಿ ಕಂಬದಿಂದ ಕಂಬಕ್ಕೆ 7–8 ಮೀಟರ್ ಸಾಕು. ಕಂಬಗಳು ಪಾಯದವರೆಗೆ ನೇರ ಇಳಿಯಲಿ, ನಡುವೆ ಜಾಗ ಬದಲಿಸಿದರೆ ಅದನ್ನು ಹೊರುವ ತೊಲೆ ರಾಕ್ಷಸ ಗಾತ್ರದ್ದಾಗುತ್ತದೆ. ಸಿಮೆಂಟಿನ ಒಂದು ಪಾಲಿನ ಬದಲಿಗೆ ಹಾರುಬೂದಿ (ಕಲ್ಲಿದ್ದಲು ಉರಿಸಿದ ಬೂದಿ) ಅಥವಾ ಸ್ಲ್ಯಾಗ್ (ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟ) ಬೆರೆಸಬಹುದು. ಗಟ್ಟಿಯಾಗಲು ಸ್ವಲ್ಪ ನಿಧಾನ, ಅದನ್ನು ಕಂಟ್ರಾಕ್ಟರ್‌ಗೆ ಮೊದಲೇ ಹೇಳಿ.

ಮಳೆನೀರಿನದ್ದೂ ಸೋಲಾರಿನದೇ ಕಥೆ. 600 ಜನಕ್ಕೆ ದಿನಕ್ಕೆ ತಲಾ 45 ಲೀಟರ್ ಅಂದರೆ 27,000 ಲೀಟರ್. ವರ್ಷಕ್ಕೆ 800 ಮಿಲಿಮೀಟರ್ ಮಳೆಯಾದರೆ ಇಡೀ ತಾರಸಿಗೆ ಬೀಳುವುದು 4 ಲಕ್ಷ ಲೀಟರ್, ಹದಿನೈದು ದಿನಕ್ಕೆ ಖಾಲಿ. ಕೈತೊಳೆದ ನೀರನ್ನು ಶುದ್ಧ ಮಾಡಿ ಫ್ಲಶ್ಶಿಗೆ ಕೊಡುವುದೇ ಹೆಚ್ಚು ಉಳಿಸುತ್ತದೆ. ಅದಕ್ಕೆ ಬೇರೆ ಪೈಪು ಡಕ್ಟಿನಲ್ಲಿ ಶುರುವಿನಿಂದಲೇ ಇರಬೇಕು, ಆಮೇಲೆ ತುರುಕಲು ಜಾಗವೇ ಇರುವುದಿಲ್ಲ.

ಕಟ್ಟುವಾಗ ಸಾಮಾನು ಇಡಲೂ ಜಾಗ ಇರುವುದಿಲ್ಲ. ಫ್ಯಾಕ್ಟರಿಯಲ್ಲಿ ಮಾಡಿ ತಂದು ನೇರ ಜೋಡಿಸುವ ಭಾಗಗಳನ್ನೇ ಆರಿಸಿ.

ಕೊನೆಗೆ ಮೀಟರು. ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಇದ್ದರೆ ಏನೂ ಗೊತ್ತಾಗುವುದಿಲ್ಲ. ಮಹಡಿಗೊಂದು, ಎ.ಸಿ.ಗೊಂದು, ಲಿಫ್ಟಿಗೊಂದು ಹಾಕಿಸಿ. ಜನ ಬಂದ ಮೊದಲ ತಿಂಗಳೇ ರಾತ್ರಿ ಎರಡು ಗಂಟೆಯ ರೀಡಿಂಗ್ ತೆಗೆದು ನೋಡಿ. ಯಾರೂ ಇಲ್ಲದ ಕಟ್ಟಡ ಹಗಲಿನ ಮೂರನೇ ಒಂದು ಪಾಲು ಕರೆಂಟು ಎಳೆಯುತ್ತಿದ್ದರೆ ಟಾರ್ಚ್ ಹಿಡಿದು ಮಹಡಿ ಮಹಡಿ ಹತ್ತಿ, ಯಾವುದೋ ಟಾಯ್ಲೆಟ್ಟಿನ ಎಗ್ಸಾಸ್ಟ್ ಫ್ಯಾನು, ಯಾವುದೋ ಪಂಪು ಸುಮ್ನೆ ತಿರುಗುತ್ತಾ ಇರುತ್ತದೆ.